ಪದಬಂಧ ಕಟ್ಟುವವರ ಕತೆ

ಬೆಳಗಿನ ಪತ್ರಿಕೆ ಮನೆಗೆ ಬಂದೊಡನೆ ಮೊದಲ ಪುಟದ ಸುದ್ದಿಯನ್ನು ಪಕ್ಕಕ್ಕಿಟ್ಟು ಒಳಪುಟದ ಪದಬಂಧಕ್ಕೆ ಪೆನ್ಸಿಲು ಹಿಡಿಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಸಂಪುಟ ಬದಲಾಗಲಿ, ಬೆಲೆ ಏರಲಿ, ಮಳೆ ಬಾರದಿರಲಿ, ಅವರಿಗೆ ಮೊದಲು ಆಗಬೇಕಾದದ್ದು ‘ಎಡದಿಂದ ಬಲಕ್ಕೆ’ ಒಂದನೆಯ ಪದ. ಆದರೆ ಆ ಕಪ್ಪು ಬಿಳುಪು ಚೌಕಗಳ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಹಿಂದಿನ ವಾರವೋ ಹಿಂದಿನ ತಿಂಗಳೋ ನಿಘಂಟು ತೆರೆದಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಒರೆಸಿ ಬರೆದಿದ್ದಾನೆ ಎಂಬುದು ಬಿಡಿಸುವವರಿಗೆ ನೆನಪಾಗುವುದು ಉತ್ತರ ತಪ್ಪಿದಾಗ ಮಾತ್ರ. ಆಗಲೂ ನೆನೆಯುವುದು ಬೈಯುವುದಕ್ಕೆ.

ಬಿಡಿಸುವವರ ಬಗ್ಗೆ ಹಾಸ್ಯಲೇಖನಗಳು ಬೇಕಾದಷ್ಟು ಬಂದಿವೆ. ಕಟ್ಟುವವರ ಬಗ್ಗೆ ಬಂದದ್ದು ಕಡಿಮೆ. ಅವರ ಕೆಲಸ ವಿಚಿತ್ರವಾದದ್ದು. ಉತ್ತರವನ್ನು ಬಚ್ಚಿಡಬೇಕು, ಆದರೆ ಸಿಗದ ಹಾಗೆ ಬಚ್ಚಿಡಬಾರದು. ಓದುಗನನ್ನು ದಾರಿ ತಪ್ಪಿಸಬೇಕು, ಆದರೆ ಮೋಸ ಮಾಡಬಾರದು. ಕೊನೆಗೆ ಎದುರಾಳಿ ಗೆದ್ದಾಗಲೇ ತನ್ನ ಆಟ ಸಾರ್ಥಕ. ಈ ಕೆಲಸವನ್ನು ಹೆಚ್ಚಿನವರು ಒಂಟಿಯಾಗಿ ಮಾಡುತ್ತಾರೆ. ಆದರೆ ಪದಬಂಧದ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ಒಂಟಿಯಾಗಿ ಕಟ್ಟಿದವನ ಪಕ್ಕದಲ್ಲಿ ಬಹಳ ಸಲ ಒಬ್ಬ ಗೆಳೆಯನೋ ಹೆಂಡತಿಯೋ ಸಹೋದ್ಯೋಗಿಯೋ ಕಾಣಿಸುತ್ತಾರೆ. ಅವರಿಲ್ಲದೆ ಕೆಲಸ ಕೆಟ್ಟದ್ದೂ ಉಂಟು.

ಹಳೆಯ ಬಂಧಗಳು

ಅಕ್ಷರಗಳನ್ನು ಚೌಕದಲ್ಲಿ ಕೂಡಿಸಿ ಆಡುವ ಆಸೆ ಪತ್ರಿಕೆಗಳಿಗಿಂತ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪೊಂಪೈ ಪಟ್ಟಣದಲ್ಲಿ ಐದು ಸಾಲು, ಸಾಲಿಗೆ ಐದು ಅಕ್ಷರಗಳ ಒಂದು ಲ್ಯಾಟಿನ್ ಚೌಕ ಸಿಕ್ಕಿದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಐದು ಪದಗಳು.

ನಮ್ಮಲ್ಲಿ ಇದೇ ಕೆಲಸವನ್ನು ಚಿತ್ರಕಾವ್ಯದ ಕವಿಗಳು ಮಾಡಿದರು. ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲಿ ‘ಸರ್ವತೋಭದ್ರ’ ಎಂಬ ಬಂಧದ ಒಂದು ಶ್ಲೋಕವಿದೆ. ಪಾದಕ್ಕೆ ಎಂಟು ಅಕ್ಷರದಂತೆ ಅದನ್ನು ಚೌಕದಲ್ಲಿ ಬರೆದರೆ ನಾಲ್ಕು ದಿಕ್ಕಿನಿಂದಲೂ ಓದಬಹುದು. ಈ ಸರ್ಗಕ್ಕೂ ಕರ್ನಾಟಕಕ್ಕೂ ಒಂದು ನಂಟು ಉಂಟು. ಗಂಗ ದೊರೆ ದುರ್ವಿನೀತ ಅದಕ್ಕೆ ಟೀಕೆ ಬರೆದವನು ಎಂದು ಗಂಗರ ತಾಮ್ರಶಾಸನ ಹೊಗಳುತ್ತದೆ. ಕಾವ್ಯದಲ್ಲಿ ಅತಿ ಕಠಿಣವೆನಿಸಿದ ಭಾಗವನ್ನೇ ದೊರೆಯೊಬ್ಬ ಬಿಡಿಸಲು ಕುಳಿತನೆಂದರೆ, ಕಗ್ಗಂಟು ಬಿಡಿಸುವ ಚಟ ಇಲ್ಲಿ ಇಂದು ನೆನ್ನೆಯದಲ್ಲ. ಪದ್ಮಬಂಧ, ಮುರಜಬಂಧ ಎಂಬ ಹೆಸರುಗಳಲ್ಲಿದ್ದ ‘ಬಂಧ’ವೇ ಇಂದಿನ ‘ಪದಬಂಧ’ದಲ್ಲೂ ಕುಳಿತಿದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಬಂಧದ ಕವಿ ತನ್ನ ಚಮತ್ಕಾರವನ್ನು ತೆರೆದು ತೋರಿಸುತ್ತಾನೆ. ಓದುಗ ತಲೆದೂಗಬೇಕು ಅಷ್ಟೇ. ಪದಬಂಧ ಕಟ್ಟುವವನು ಅಕ್ಷರಗಳನ್ನೆಲ್ಲ ಅಳಿಸಿ, ಖಾಲಿ ಮನೆಗಳನ್ನೂ ಸುಳಿವುಗಳನ್ನೂ ಕೊಟ್ಟು ದೂರ ಸರಿಯುತ್ತಾನೆ. ಉಳಿದರ್ಧ ಓದುಗನ ಪಾಲು. ಈ ಎರಡನೆಯ ಹೆಜ್ಜೆ ಇಟ್ಟದ್ದು ಪತ್ರಿಕೆಗಳು.

ಒಂದು ಭಾನುವಾರದ ಪುರವಣಿ

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ‘ಫನ್’ ಎಂಬ ವಿನೋದ ಪುರವಣಿಯನ್ನು ನೋಡಿಕೊಳ್ಳುತ್ತಿದ್ದ. 1913ರ ಕ್ರಿಸ್‌ಮಸ್ ಸಂಚಿಕೆಗೆ ಹೊಸದೇನಾದರೂ ಬೇಕಿತ್ತು. ಡಿಸೆಂಬರ್ 21ರಂದು ಅವನು ವಜ್ರದಾಕಾರದ ಒಂದು ಚೌಕಟ್ಟನ್ನು ಅಚ್ಚು ಹಾಕಿಸಿದ. ನಡುವೆ ಟೊಳ್ಳು, ಸುತ್ತ ಮನೆಗಳು, ಹಾದುಹೋಗುವ 32 ಪದಗಳು. ಮೇಲ್ಗಡೆ ‘ಫನ್’ ಎಂಬ ಪದವನ್ನು ತಾನೇ ತುಂಬಿ ಕೊಟ್ಟಿದ್ದ. ಅದಕ್ಕಿಟ್ಟ ಹೆಸರು ‘ವರ್ಡ್ ಕ್ರಾಸ್’. ಕೆಲವು ವಾರಗಳ ನಂತರ ಅಚ್ಚಿನ ಮನೆಯ ಕೈತಪ್ಪಿನಿಂದ ಪದಗಳು ಅದಲುಬದಲಾಗಿ ‘ಕ್ರಾಸ್ ವರ್ಡ್’ ಎಂದಾಯಿತು. ತಪ್ಪೇ ಹೆಸರಾಗಿ ನಿಂತಿತು.

ಓದುಗರು ಮೆಚ್ಚಿದರು. ಮೆಚ್ಚಿದ್ದು ಮಾತ್ರವಲ್ಲ, ತಾವೇ ಕಟ್ಟಿ ಕಳಿಸಲು ತೊಡಗಿದರು. ಪತ್ರಿಕೆಗೆ ಪದಬಂಧಗಳ ರಾಶಿಯೇ ಬಂದು ಬಿತ್ತು. ಅಚ್ಚಿನವರಿಗೆ ಮಾತ್ರ ಇದು ದೊಡ್ಡ ತಲೆನೋವು. ಅಂಕಿ ತಪ್ಪುವುದು, ಸುಳಿವು ಬಿಟ್ಟುಹೋಗುವುದು, ಮನೆ ಒಂದು ಹೆಚ್ಚಾಗುವುದು ದಿನನಿತ್ಯದ ಮಾತಾಗಿತ್ತು.

1920ರ ದಶಕದ ಆರಂಭದಲ್ಲಿ ಈ ರಾಶಿಯನ್ನು ವಿಂಗಡಿಸುವ ಕೆಲಸ ಮಾರ್ಗರೆಟ್ ಪೆಥರ್‌ಬ್ರಿಜ್ ಎಂಬ ತರುಣಿಯ ಪಾಲಿಗೆ ಬಂತು. ಅವಳಿಗೆ ಬೇಕಿದ್ದದ್ದು ಪತ್ರಕರ್ತೆಯ ಕೆಲಸ. ಸಿಕ್ಕಿದ್ದು ಕಾರ್ಯದರ್ಶಿಯ ಕುರ್ಚಿ ಮತ್ತು ಪದಬಂಧಗಳ ಕಟ್ಟು. ಮೊದಮೊದಲು ನೋಡಲು ಚೆನ್ನಾಗಿ ಕಂಡದ್ದನ್ನು ಆರಿಸಿ ಅಚ್ಚಿಗೆ ಕಳಿಸಿಬಿಡುತ್ತಿದ್ದಳು. ಒಂದನ್ನೂ ತಾನೇ ಬಿಡಿಸಿ ನೋಡಿರಲಿಲ್ಲ. ಅದೇ ಕಚೇರಿಯಲ್ಲಿದ್ದ ಅಂಕಣಕಾರ ಫ್ರಾಂಕ್ಲಿನ್ ಆ್ಯಡಮ್ಸ್ ಪದಬಂಧದ ಚಟದವನು. ಪ್ರತಿ ವಾರ ಅವಳ ಮೇಜಿನ ಬಳಿ ಬಂದು ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಹಂಗಿಸುತ್ತಿದ್ದ. ಕೊನೆಗೆ ಒಂದು ದಿನ ಅವಳು ಪೆನ್ಸಿಲು ಹಿಡಿದು ಕುಳಿತಳು. ಅರ್ಧಕ್ಕೆ ಬರುವಷ್ಟರಲ್ಲಿ ಓದುಗರು ಏಕೆ ಸಿಟ್ಟಾಗುತ್ತಿದ್ದರೆಂದು ಗೊತ್ತಾಯಿತು. ಇನ್ನು ಮೇಲೆ ಬಿಡಿಸಿ ನೋಡದೆ ಒಂದನ್ನೂ ಪ್ರಕಟಿಸುವುದಿಲ್ಲವೆಂದು ನಿಘಂಟಿನ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದಳೆಂದು ಕತೆ.

ಇಂದಿನ ಪದಬಂಧದ ನೀತಿ ನಿಯಮಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು. ಚೌಕಟ್ಟನ್ನು ಅರ್ಧ ಸುತ್ತು ತಿರುಗಿಸಿದರೂ ಕಪ್ಪು ಮನೆಗಳ ವಿನ್ಯಾಸ ಹಾಗೆಯೇ ಇರಬೇಕು. ಯಾವ ಮೂಲೆಯೂ ಉಳಿದ ಭಾಗದಿಂದ ಕಡಿದುಹೋಗಬಾರದು. ಕಪ್ಪು ಮನೆಗಳು ಆರರಲ್ಲಿ ಒಂದು ಭಾಗ ಮೀರಬಾರದು. ಎರಡಕ್ಷರದ ಪದ ಸಲ್ಲದು. ಇವೆಲ್ಲ ಅಲಂಕಾರಕ್ಕಾಗಿ ಮಾಡಿದ ನಿಯಮಗಳೆಂದು ಮೇಲುನೋಟಕ್ಕೆ ಕಾಣಬಹುದು. ಆದರೆ ಅವುಗಳ ಉದ್ದೇಶ ಒಂದೇ: ಒಂದು ಪದ ತಿಳಿಯದಿದ್ದರೂ ಅದನ್ನು ಹಾದುಹೋಗುವ ಇನ್ನೊಂದರ ನೆರವು ಓದುಗನಿಗೆ ಸಿಗಬೇಕು.

1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬಿಬ್ಬರು ಯುವಕರು ಪ್ರಕಾಶನ ಸಂಸ್ಥೆ ಆರಂಭಿಸಿ, ಮೊದಲ ಪುಸ್ತಕವಾಗಿ ಪದಬಂಧಗಳ ಸಂಕಲನ ತಂದರು. ಅಂಥ ಪುಸ್ತಕ ಬೇಕೆಂದು ಕೇಳಿದವರು ಸೈಮನ್ನನ ಅತ್ತೆಯಂತೆ. ಗಂಭೀರ ಪ್ರಕಾಶಕರೆಂಬ ಹೆಸರು ಕೆಟ್ಟೀತೆಂದು ಅಂಜಿ ಬೇರೆ ಹೆಸರಿನಲ್ಲಿ ಅಚ್ಚು ಹಾಕಿದರು. ಮೊದಲ ಮುದ್ರಣ 3,600 ಪ್ರತಿ, ಪ್ರತಿಗೊಂದು ಪೆನ್ಸಿಲು. ವರ್ಷ ಮುಗಿಯುವುದರೊಳಗೆ ಮಾರಾಟ ಲಕ್ಷಗಳನ್ನು ಮುಟ್ಟಿತು. ಪುಸ್ತಕದ ಸಂಪಾದಕರು ಮೂವರು. ಅವರಲ್ಲಿ ಒಬ್ಬಳು ಮಾರ್ಗರೆಟ್. ಮದುವೆಯಾಗಿ ಮಾರ್ಗರೆಟ್ ಫರಾರ್ ಆದ ಆಕೆ 1942ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಮೊದಲ ಪದಬಂಧ ಸಂಪಾದಕಿಯಾದಳು. 1924ರಲ್ಲಿ ಪದಬಂಧವನ್ನು ಕಾಲಹರಣವೆಂದು ಜರೆದಿದ್ದ ಪತ್ರಿಕೆ ಅದು. ಮಹಾಯುದ್ಧದ ಕತ್ತಲೆಯ ಸಂಜೆಗಳಲ್ಲಿ ಓದುಗರಿಗೆ ಕೈಗೊಂದು ಕೆಲಸ ಬೇಕೆಂದು ಕೊನೆಗೆ ಅದೂ ಮಣಿಯಿತು.

ರೈತ, ಅನುವಾದಕ, ಅವನ ಹೆಂಡತಿ

ಇಂಗ್ಲೆಂಡಿಗೆ ಹೋದ ಪದಬಂಧ ಬೇರೆಯ ರೂಪ ತಾಳಿತು. ಅಮೆರಿಕದಲ್ಲಿ ಹೆಚ್ಚಿನ ಸುಳಿವು ನೇರವಾದ ಅರ್ಥ. ಇಂಗ್ಲೆಂಡಿನಲ್ಲಿ ಸುಳಿವೇ ಒಂದು ಒಗಟಾಯಿತು: ಒಂದು ತುದಿಯಲ್ಲಿ ಅರ್ಥ, ಇನ್ನೊಂದರಲ್ಲಿ ಅಕ್ಷರಗಳ ಆಟ, ನಡುವೆ ಓದುಗನನ್ನು ಬೇರೆಡೆಗೆ ಎಳೆಯುವ ಒಂದು ಚಿತ್ರ.

‘ದಿ ಟೈಮ್ಸ್’ ಪತ್ರಿಕೆ 1930ರ ಫೆಬ್ರುವರಿ 1ರಂದು ಮೊದಲ ಪದಬಂಧ ಪ್ರಕಟಿಸಿತು. ಅದನ್ನು ಕಟ್ಟಿದವನು ಸಫೊಕ್ ಪ್ರಾಂತದಲ್ಲಿ ಬೇಸಾಯ ಮಾಡಿಕೊಂಡಿದ್ದ, ಹೊಲಗದ್ದೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಏಡ್ರಿಯನ್ ಬೆಲ್. ಕೆಲಸ ಒದಗಿದ್ದು ಪತ್ರಕರ್ತನಾಗಿದ್ದ ತಂದೆಯ ಮೂಲಕ. ಸಿಕ್ಕ ಅವಧಿ ಹತ್ತು ದಿನ. ಅಲ್ಲಿಯವರೆಗೆ ಅವನು ಒಂದು ಪದಬಂಧವನ್ನೂ ಬಿಡಿಸಿದವನಲ್ಲ, ಕಟ್ಟುವ ಮಾತಂತೂ ದೂರ. ಹಾಗೆ ಆರಂಭಿಸಿದವನು ಮುಂದಿನ ಸುಮಾರು ಐವತ್ತು ವರ್ಷಗಳಲ್ಲಿ 4,500ಕ್ಕೂ ಹೆಚ್ಚು ಪದಬಂಧ ಕಟ್ಟಿದ. ಪತ್ರಿಕೆ ಹೆಸರು ಹಾಕುತ್ತಿರಲಿಲ್ಲವಾಗಿ ಓದುಗರಿಗೆ ಅವನು ಯಾರೆಂದು ತಿಳಿದಿರಲಿಲ್ಲ. ಒಂಟಿಯಾಗಿ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇದಕ್ಕೆ ವಿರುದ್ಧವಾದದ್ದು ‘ಅಬ್ಸರ್ವರ್’ ಪತ್ರಿಕೆಯ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್‌ನ ಮನೆ. ಪೂರ್ವದೇಶಗಳ ಕವಿತೆಗಳನ್ನು ಇಂಗ್ಲಿಷಿಗೆ ತಂದ ಈತ 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೆ ಆ ಪತ್ರಿಕೆಗೆ ಪದಬಂಧ ಒದಗಿಸಿದ. ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯ ಹೆಸರನ್ನೇ ತೆಗೆದುಕೊಂಡು ‘ತೋರ್ಕೆಮಾದ’ ಎಂದು ಸಹಿ ಮಾಡುತ್ತಿದ್ದ. ಓದುಗನಿಗೆ ಹಿಂಸೆ ಕೊಡುವವನು ತಾನೆಂದು ಮುಂದಾಗಿಯೇ ಹೇಳಿಕೊಂಡಂತೆ. ಆದರೆ ಆ ಹಿಂಸೆಯಲ್ಲಿ ಇಬ್ಬರ ಕೈಯಿತ್ತು. ಪದಗಳನ್ನು ಚೌಕಟ್ಟಿನಲ್ಲಿ ಹೊಂದಿಸುವ ಕೆಲಸದಲ್ಲಿ ಹೆಂಡತಿ ರೋಸಮಂಡ್ ಜೊತೆಯಾಗಿದ್ದಳು, ಸುಳಿವುಗಳು ಅವನವು. ಓದುಗರ ಬೈಗುಳವೆಲ್ಲ ಒಂದೇ ಹೆಸರಿಗೆ ಹೋಗುತ್ತಿತ್ತು.

ಅವನ ನಂತರ ಅದೇ ಜಾಗಕ್ಕೆ ಬಂದ ಡೆರಿಕ್ ಮ್ಯಾಕ್‌ನಟ್ ಒಬ್ಬ ಶಾಲಾ ಮಾಸ್ತರ. ಇಟ್ಟುಕೊಂಡ ಹೆಸರು ‘ಕ್ಸಿಮೆನಿಸ್’, ಅದೂ ಸ್ಪೇನಿನ ಇನ್ನೊಬ್ಬ ವಿಚಾರಣಾಧಿಕಾರಿಯದೇ. ಸುಳಿವು ಎಷ್ಟು ಬೇಕಾದರೂ ತಿರುಚಿರಲಿ, ಪದಪದವಾಗಿ ಬಿಡಿಸಿದಾಗ ಅದು ಉತ್ತರಕ್ಕೇ ಒಯ್ಯಬೇಕು, ಒಂದು ಪದವೂ ವ್ಯರ್ಥವಾಗಿರಬಾರದು ಎಂದು ಅವನು ಕಟ್ಟುನಿಟ್ಟು ಮಾಡಿದ. 1966ರಲ್ಲಿ ಇದಕ್ಕಾಗಿ ಒಂದು ಪುಸ್ತಕವನ್ನೇ ಬರೆದ. ಕಟ್ಟುವವನಿಗೂ ಧರ್ಮವೊಂದಿದೆ ಎಂಬುದು ಅದರ ತಿರುಳು.

ಮುಖ್ಯೋಪಾಧ್ಯಾಯರ ಮನೆಗೆ ಬಂದ ಗುಪ್ತಚರರು

ಪದಬಂಧ ಕಟ್ಟುವುದು ನಿರಪಾಯದ ಕೆಲಸವೆಂದು ಭಾವಿಸುವವರು 1944ರ ಲಿಯೊನಾರ್ಡ್ ಡಾ ಪ್ರಕರಣವನ್ನು ನೆನೆಯಬೇಕು. ಲಂಡನ್ನಿನ ಸ್ಟ್ರಾಂಡ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಡಾ 1925ರಿಂದ ‘ಡೈಲಿ ಟೆಲಿಗ್ರಾಫ್’ಗೆ ಪದಬಂಧ ಕಟ್ಟುತ್ತಿದ್ದರು. ಯುದ್ಧದ ಕಾರಣ ಶಾಲೆ ಸರ್ರೆ ಪ್ರಾಂತದ ಎಫಿಂಗ್‌ಹ್ಯಾಮ್ ಎಂಬ ಹಳ್ಳಿಗೆ ಸ್ಥಳಾಂತರವಾಗಿತ್ತು.

ಆಗ ಮಿತ್ರರಾಷ್ಟ್ರಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಸುವ ಸಿದ್ಧತೆಯಲ್ಲಿದ್ದವು. ಎಲ್ಲವೂ ಸಂಕೇತ ಪದಗಳಲ್ಲಿ, ಅತ್ಯಂತ ಗುಟ್ಟಾಗಿ ನಡೆಯುತ್ತಿತ್ತು. ಮೇ ತಿಂಗಳಲ್ಲಿ ಟೆಲಿಗ್ರಾಫಿನ ಪದಬಂಧದಲ್ಲಿ ‘ಯೂಟಾ’ ಎಂಬ ಉತ್ತರ ಬಂತು. ಅಮೆರಿಕದ ಸೈನ್ಯ ಇಳಿಯಬೇಕಿದ್ದ ಒಂದು ಕಡಲತಡಿಯ ಸಂಕೇತ ಅದು. ಕೆಲವು ದಿನಗಳಲ್ಲಿ ಇನ್ನೊಂದು ತಡಿಯ ಸಂಕೇತ ‘ಒಮಾಹ’ ಬಂತು. ನಂತರ ಇಡೀ ಕಾರ್ಯಾಚರಣೆಯ ಹೆಸರು ‘ಓವರ್‌ಲಾರ್ಡ್’, ಕೃತಕ ಬಂದರುಗಳ ಹೆಸರು ‘ಮಲ್ಬೆರಿ’. ಜೂನ್ 1ರಂದು ನೌಕಾದಳದ ಭಾಗದ ಹೆಸರು ‘ನೆಪ್ಚ್ಯೂನ್’. ಸೈನ್ಯ ಇಳಿಯುವುದಕ್ಕೆ ಉಳಿದದ್ದು ಐದು ದಿನ.

ಗುಪ್ತಚರ ಇಲಾಖೆಯವರು ಮುಖ್ಯೋಪಾಧ್ಯಾಯರ ಮನೆ ಬಾಗಿಲು ತಟ್ಟಿದರು. ಅಡಿಯಿಂದ ಮುಡಿಯವರೆಗೆ ವಿಚಾರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಡಾ ಅವರ ಜೊತೆ ಅದೇ ಪತ್ರಿಕೆಗೆ ಪದಬಂಧ ಕಟ್ಟುತ್ತಿದ್ದ ಸಹೋದ್ಯೋಗಿ, ಅವರಂತೆಯೇ ಮಾಸ್ತರರಾಗಿದ್ದ ಮೆಲ್ವಿಲ್ ಜೋನ್ಸ್ ಬೇರೆ ಊರಿನಲ್ಲಿದ್ದರು. ಅಲ್ಲಿಗೂ ಹೋಗಿ ಅವರನ್ನೂ ಜಾಲಾಡಿದರು. ಕೊನೆಗೆ ಗೂಢಚಾರಿಕೆಯ ಸುಳಿವೇನೂ ಸಿಗದೆ ಕೈಬಿಟ್ಟರು. 1958ರಲ್ಲಿ ದೂರದರ್ಶನಕ್ಕೆ ಈ ಕತೆ ಹೇಳಿದ ಡಾ, ಅಂತೂ ತಮ್ಮಿಬ್ಬರನ್ನು ಗುಂಡಿಕ್ಕಿ ಕೊಲ್ಲಲಿಲ್ಲವೆಂದು ನಕ್ಕರು.

ಆ ಪದಗಳು ಎಲ್ಲಿಂದ ಬಂದವು? ಡಾ ತೀರಿಕೊಂಡು ಎರಡು ದಶಕ ಕಳೆದ ಮೇಲೆ, 1984ರಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಬಾಯಿಬಿಟ್ಟರು. ಮೇಷ್ಟ್ರು ಖಾಲಿ ಚೌಕಟ್ಟು ಕೊಟ್ಟು ಪದ ತುಂಬಲು ಹುಡುಗರಿಗೆ ಹೇಳುತ್ತಿದ್ದರು. ಹುಡುಗರಿಗೆ ಅದು ಬುದ್ಧಿಗೆ ಕಸರತ್ತು, ಮೇಷ್ಟ್ರಿಗೆ ಅರ್ಧ ಕೆಲಸ ಹಗುರ. ಸುಳಿವುಗಳನ್ನು ಅವರು ಆಮೇಲೆ ಬರೆಯುತ್ತಿದ್ದರು. ಶಾಲೆಯ ಹತ್ತಿರ ಸೈನಿಕರ ಬಿಡಾರಗಳಿದ್ದವು. ಅಲ್ಲಿ ಅಡ್ಡಾಡಿದ ಹುಡುಗರ ಕಿವಿಗೆ ಬಿದ್ದ ಪದಗಳು ಚೌಕಟ್ಟಿಗೆ ಸೇರಿದವು ಎಂಬುದು ಆ ವಿದ್ಯಾರ್ಥಿಯ ವಿವರಣೆ. ಇದನ್ನು ಎಲ್ಲರೂ ಒಪ್ಪಿಲ್ಲ; ಬರೀ ಕಾಕತಾಳೀಯ ಎನ್ನುವವರೂ ಇದ್ದಾರೆ. ಆದರೆ ಕತೆ ನಿಜವಾದಲ್ಲಿ ಅದರ ಪಾಠ ಸ್ಪಷ್ಟ. ಜೊತೆಗಾರ ತಂದ ಪದ ಎಲ್ಲಿಂದ ಬಂತೆಂದು ಕೇಳದಿದ್ದರೆ, ಉತ್ತರ ಹೇಳಬೇಕಾದವನು ಕೆಳಗೆ ಸಹಿ ಹಾಕಿದವನು.

ವಿಪರ್ಯಾಸವೆಂದರೆ ಅದೇ ಪತ್ರಿಕೆಯ ಪದಬಂಧ ಯುದ್ಧಕ್ಕೆ ಉಪಕಾರವನ್ನೂ ಮಾಡಿತ್ತು. 1942ರ ಜನವರಿಯಲ್ಲಿ ಟೆಲಿಗ್ರಾಫ್ ಕಚೇರಿಯಲ್ಲಿ 12 ನಿಮಿಷದೊಳಗೆ ಪದಬಂಧ ಬಿಡಿಸುವ ಪಂದ್ಯ ನಡೆಯಿತು. ಚುರುಕಾಗಿ ಬಿಡಿಸಿದ ಕೆಲವರಿಗೆ ಆಮೇಲೆ ಸರಕಾರದಿಂದ ಪತ್ರ ಬಂತು. ಅವರು ಹೋದದ್ದು ಜರ್ಮನರ ಗುಪ್ತಲಿಪಿಯನ್ನು ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ.

ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ

ಒಂದೇ ಚೌಕಟ್ಟಿಗೆ ಎರಡು ಸರಿಯುತ್ತರ ಇರಬಹುದೇ? ಅಮೆರಿಕದ ಗಣಿತದ ಪ್ರಾಧ್ಯಾಪಕ ಜೆರೆಮಯ ಫ್ಯಾರೆಲ್ 1996ರ ನವೆಂಬರ್ 5ರಂದು, ಅಧ್ಯಕ್ಷೀಯ ಚುನಾವಣೆಯ ದಿನವೇ ಇದನ್ನು ಸಾಧಿಸಿ ತೋರಿಸಿದ. ನ್ಯೂಯಾರ್ಕ್ ಟೈಮ್ಸ್‌ನ ಅಂದಿನ ಪದಬಂಧದ ಮಧ್ಯದಲ್ಲಿ ‘ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ’ ಎಂಬರ್ಥದ ಸುಳಿವು. ಗೆದ್ದವನ ಹೆಸರಿಗೆ ಏಳು ಮನೆ, ಪಕ್ಕದಲ್ಲಿ ‘ಆಯ್ಕೆ’ ಎಂಬರ್ಥದ ಪದ. ಅಭ್ಯರ್ಥಿಗಳಾದ ಕ್ಲಿಂಟನ್, ಬಾಬ್ ಡೋಲ್ ಇಬ್ಬರ ಹೆಸರಿಗೂ ಇಂಗ್ಲಿಷಿನಲ್ಲಿ ಏಳೇ ಅಕ್ಷರ. ಮೇಲಿನಿಂದ ಕೆಳಕ್ಕೆ ಹಾದುಹೋಗುವ ಏಳು ಸುಳಿವುಗಳಿಗೂ ಎರಡೆರಡು ಉತ್ತರ ಹೊಂದುವಂತೆ ಅವನು ಜೋಡಿಸಿದ್ದ. ಮೊದಲನೆಯ ಸುಳಿವು ಭೂತಗಳ ಹಬ್ಬದ ಕಪ್ಪು ಪ್ರಾಣಿ ಯಾವುದೆಂದು ಕೇಳುತ್ತಿತ್ತು. ‘ಕ್ಯಾಟ್’ ಎಂದು ಬೆಕ್ಕನ್ನು ಬರೆದವನಿಗೆ ಕ್ಲಿಂಟನ್ನನ ಮೊದಲಕ್ಷರ ಸಿಕ್ಕಿತು. ‘ಬ್ಯಾಟ್’ ಎಂದು ಬಾವಲಿಯನ್ನು ಬರೆದವನಿಗೆ ಬಾಬ್‌ನದು. ತಮಗೆ ಸಿಕ್ಕ ಹೆಸರೊಂದೇ ಉತ್ತರವೆಂದು ನಂಬಿದ ಓದುಗರು, ಫಲಿತಾಂಶ ಬರುವ ಮೊದಲೇ ಪತ್ರಿಕೆ ಪಕ್ಷಪಾತ ಮಾಡಿತೆಂದು ಸಿಟ್ಟಾಗಿ ದೂರು ಹೇಳಿದರು.

ಇದರ ಹಿಂದೆ ಇನ್ನೊಂದು ಕತೆಯಿದೆ. ಫ್ಯಾರೆಲ್ 1980ರಲ್ಲಿಯೇ ಕಾರ್ಟರ್ ಮತ್ತು ರೇಗನ್ ಹೆಸರುಗಳಲ್ಲಿ ಇಂಥದೇ ಪದಬಂಧ ಕಟ್ಟಿ ಅಂದಿನ ಸಂಪಾದಕ ಯೂಜಿನ್ ಮಲೆಸ್ಕನಿಗೆ ತೋರಿಸಿದ್ದ. ಮೂರನೆಯ ಅಭ್ಯರ್ಥಿ ಆ್ಯಂಡರ್‌ಸನ್ ಗೆದ್ದರೇನು ಗತಿ ಎಂದು ಕೇಳಿ ಅವನು ತಳ್ಳಿಹಾಕಿದ. ಹದಿನಾರು ವರ್ಷಗಳ ನಂತರ ವಿಲ್ ಶಾರ್ಟ್ಸ್ ಎಂಬ ಹೊಸ ಸಂಪಾದಕ ಒಪ್ಪಿಕೊಂಡ. ಕಟ್ಟುವವನು ಎಷ್ಟೇ ಜಾಣನಾಗಿರಲಿ, ನಂಬುವ ಇನ್ನೊಬ್ಬ ಬೇಕು.

ನಾಲ್ವರು ಜಾನ್‌ಗಳು

ಇಂಗ್ಲೆಂಡಿನಲ್ಲಿ ಬಿಡಿಸುವವರು ಅತಿ ಹೆಚ್ಚು ಪ್ರೀತಿಸಿದ ರಚನಕಾರ ಜಾನ್ ಗ್ರಹಾಂ. ಕ್ರೈಸ್ತ ಪಾದ್ರಿಯಾಗಿದ್ದ ಇವರು ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಪದಬಂಧ ಕಟ್ಟಿದರು. ವಿವಾಹ ವಿಚ್ಛೇದನದಿಂದ ಪಾದ್ರಿಯ ಕೆಲಸ ಹೋದಾಗ ಪದಬಂಧವೇ ಜೀವನೋಪಾಯವಾಯಿತು. ‘ಅರೊಕೇರಿಯ’ ಅವರ ಅಂಕಿತ. ಇಂಗ್ಲಿಷರು ‘ಮಂಕಿ ಪಜ಼ಲ್’ ಎಂದು ಕರೆಯುವ ಮರದ ಶಾಸ್ತ್ರೀಯ ಹೆಸರು.

ಅದೇ ಪತ್ರಿಕೆಗೆ ಕಟ್ಟುತ್ತಿದ್ದ ಇನ್ನೂ ಮೂವರ ಹೆಸರು ಜಾನ್ ಎಂದೇ ಇತ್ತು. ಜಾನ್ ಹೆಂಡರ್‌ಸನ್, ಜಾನ್ ಹಾಲ್ಪರ್ನ್, ಜಾನ್ ಯಂಗ್. ನಾಲ್ವರೂ ಸೇರಿ ಕಟ್ಟಿದ ಪದಬಂಧಗಳಿಗೆ ‘ಬಿಗಲ್ಸ್’ ಎಂದು ಸಹಿ ಹಾಕಿದರು. ಬಿಗಲ್ಸ್ ಎಂಬ ವಿಮಾನ ಚಾಲಕನ ಸಾಹಸ ಕತೆಗಳನ್ನು ಬರೆದವನು ಡಬ್ಲ್ಯು.ಇ. ಜಾನ್ಸ್. ಆ ಎರಡು ಇನಿಷಿಯಲ್‌ಗಳನ್ನು ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ‘ನಾವು ಜಾನ್‌ಗಳು’ ಎಂದಾಗುತ್ತದೆ! ಸಹಿಯೂ ಒಂದು ಪದಬಂಧವೇ.

2013ರ ಜನವರಿಯಲ್ಲಿ ಬಂದ ಅರೊಕೇರಿಯ ಪದಬಂಧದ ಮೇಲೆ ಒಂದು ಚಿಕ್ಕ ಸೂಚನೆಯಿತ್ತು. ಅದರಲ್ಲಿ ಪದಗಳಿಗೆ ಬದಲು ಸುಳಿವಿನ ಸಂಖ್ಯೆಗಳು. ಬಿಡಿಸುತ್ತ ಹೋದವರಿಗೆ ಸಿಕ್ಕ ಉತ್ತರಗಳು ‘ಕ್ಯಾನ್ಸರ್’, ‘ಅನ್ನನಾಳ’, ‘ಉಪಶಮನ ಚಿಕಿತ್ಸೆ’. ತಮಗೆ ಬಂದ ಕಾಯಿಲೆಯನ್ನು 91 ವರ್ಷದ ಆ ವೃದ್ಧರು ಓದುಗರಿಗೆ ತಿಳಿಸಿದ್ದು ಹೀಗೆ. ಮನೆ ತುಂಬಿದಂತೆಲ್ಲ ಪೆನ್ಸಿಲು ನಿಧಾನವಾಯಿತೆಂದು ಬೇರೆ ಹೇಳಬೇಕಿಲ್ಲ. ಗ್ರಹಾಂ ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಮುಖ ನೋಡಿರದವರ ನಡುವೆ ಅರ್ಧ ಶತಮಾನ ನಡೆದ ಸ್ನೇಹ ಅದು. ಅದಕ್ಕೆ ಗೊತ್ತಿದ್ದ ಭಾಷೆ ಪದಬಂಧ ಒಂದೇ.

ಕನ್ನಡದ ಕಷ್ಟ, ಕನ್ನಡದ ಸೊಗಸು

ಭಾರತದಲ್ಲಿ ಇಂಗ್ಲಿಷ್ ಪದಬಂಧಕ್ಕೆ ಗಣ್ಯರೇ ಕೈಹಚ್ಚಿದರು. ನೌಕಾದಳದ ಮೊದಲ ಭಾರತೀಯ ಮುಖ್ಯಸ್ಥ ಅಡ್ಮಿರಲ್ ರಾಮದಾಸ್ ಕಟಾರಿ ನಿವೃತ್ತಿಯ ನಂತರ 1970ರ ದಶಕದಲ್ಲಿ ‘ದಿ ಹಿಂದು’ ಪತ್ರಿಕೆಗೆ ಪದಬಂಧ ಕಟ್ಟಿದವರು. ಕನ್ನಡದಲ್ಲಿಯೂ ದಿನಪತ್ರಿಕೆ, ವಾರಪತ್ರಿಕೆಗಳಲ್ಲಿ ಪದಬಂಧ ನೆಲೆಯೂರಿತು. ಅ.ನಾ. ಪ್ರಹ್ಲಾದರಾವ್ ಸಾವಿರಾರು ಕನ್ನಡ ಪದಬಂಧಗಳನ್ನು ಕಟ್ಟಿ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರು ಪಡೆದರು.

ಆದರೆ ಇಂಗ್ಲಿಷಿನ ಚೌಕಟ್ಟನ್ನು ತಂದು ಕನ್ನಡ ತುಂಬಿದರೆ ಪದಬಂಧವಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದದ್ದು 26ರಲ್ಲಿ ಒಂದು. ಕನ್ನಡದಲ್ಲಿ ಮನೆಗೊಂದು ಅಕ್ಷರ. ಭಾರವಿಯ ಚೌಕದಲ್ಲಿ ಇದ್ದದ್ದೂ ಇದೇ ಲೆಕ್ಕ. 34 ವ್ಯಂಜನಗಳ ಕಾಗುಣಿತವೇ 400 ದಾಟುತ್ತದೆ. ಒತ್ತಕ್ಷರ ಸೇರಿದರೆ ಎಣಿಕೆ ಎಲ್ಲಿಗೋ ಹೋಗುತ್ತದೆ. ಆದ್ದರಿಂದ ಎರಡು ಪದ ಒಂದೇ ಅಕ್ಷರದಲ್ಲಿ ಕೂಡುವುದು ಕಷ್ಟ. ಕನ್ನಡ ಪದಬಂಧದಲ್ಲಿ ಕಪ್ಪು ಮನೆಗಳು ಹೆಚ್ಚು ಕಾಣುವುದು ಇದರಿಂದ.

ಒಂದು ಚಿಕ್ಕ ಉದಾಹರಣೆ ನೋಡಬಹುದು. ಮೂರು ಸಾಲು, ಸಾಲಿಗೆ ಮೂರು ಮನೆ. ಮೇಲೆ ‘ಕಮಲ’ ಬರೆಯೋಣ. ‘ಕ’ದಿಂದ ಕೆಳಗೆ ‘ಕರಗ’, ‘ಲ’ದಿಂದ ಕೆಳಗೆ ‘ಲವಣ’. ಈಗ ಕೊನೆಯ ಸಾಲಿಗೆ ‘ಗ’ದಿಂದ ಆರಂಭವಾಗಿ ‘ಣ’ದಲ್ಲಿ ಮುಗಿಯುವ ಪದ ಬೇಕು. ಒಡನೆ ಹೊಳೆಯುವುದು ‘ಗ್ರಹಣ’. ಆದರೆ ಅದರ ಮೊದಲ ಮನೆ ‘ಗ್ರ’, ‘ಗ’ ಅಲ್ಲ. ಕೆಳಗೊಂದು ರಾವೊತ್ತು ಬಂದು ಇಡೀ ಕಟ್ಟಡ ಉರುಳಿತು. ‘ಕರಗ’ವನ್ನು ತೆಗೆದು ‘ಕಲಹ’ ಹಾಕಿದರೆ ಕೊನೆಯ ಸಾಲಿಗೆ ‘ಹರಣ’ ಕೂಡುತ್ತದೆ. ನಡುವಿನ ಮನೆಗೆ ‘ಕ’ ಹಾಕಿದರೆ ಮೇಲಿನಿಂದ ಕೆಳಕ್ಕೆ ‘ಮಕರ’ ಆದೀತು, ಆದರೆ ಎಡದಿಂದ ಬಲಕ್ಕೆ ‘ಲಕವ’ ಎಂಬ ಪದ ಇಲ್ಲ. ಆ ಮನೆಗೆ ಕಪ್ಪು ಬಳಿಯದೆ ಗತ್ಯಂತರವಿಲ್ಲ.

ಇನ್ನೂ ಎರಡು ತೊಡಕುಗಳಿವೆ. ಅ, ಆ, ಇ ಮುಂತಾದ ಸ್ವರಗಳು ಬಿಡಿಯಾಗಿ ಬರುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ. ಹಾಗಾಗಿ ‘ಅರಮನೆ’ಯ ಮೊದಲ ಮನೆಯನ್ನು ಇನ್ನೊಂದು ಪದದ ನಡುವಿನಲ್ಲಿ ಇಡಲಾಗದು. ಅಚ್ಚಗನ್ನಡ ಪದಗಳು ಬಹಳಷ್ಟು ಉಕಾರದಲ್ಲಿ ಮುಗಿಯುತ್ತವೆ: ನೀರು, ಕಾಡು, ಹಾಲು. ಆ ಕೊನೆಯ ಮನೆಯಿಂದ ಹೊಸ ಪದ ಇಳಿಯಬೇಕಾದರೆ ‘ರು’ಗೆ ರುಚಿ, ರುಮಾಲು ಎಂದಾದರೂ ಉಂಟು, ‘ಲು’ ಎಂದರೆ ನಿಘಂಟು ತಡಕಬೇಕು.

ಕಷ್ಟದ ಜೊತೆ ಸೊಗಸೂ ಇದೆ. ಒಂದೇ ಪದಕ್ಕೆ ಅಚ್ಚಗನ್ನಡ, ಸಂಸ್ಕೃತ, ಉರ್ದು, ಇಂಗ್ಲಿಷಿನಿಂದ ಬಂದ ರೂಪಗಳು ಸಿಗುತ್ತವೆ. ಪುರಾಣ, ಗಾದೆ, ಸಿನಿಮಾ, ಅಡಿಗೆಮನೆ ಎಲ್ಲವೂ ಸುಳಿವಿಗೆ ಒದಗುತ್ತವೆ. ‘ಲವಣ’ಕ್ಕೆ ‘ಉಪ್ಪು’ ಎಂದು ನೇರ ಸುಳಿವು ಕೊಡಬಹುದು. ‘ರಾಮನ ಮಗನ ಬೆನ್ನಿಗೆ ಣಕಾರ ನಿಂತರೆ ಅಡಿಗೆಗೆ ರುಚಿ’ ಎಂದರೆ ಓದುಗ ಮೊದಲು ಅಯೋಧ್ಯೆಗೆ ಹೋಗಿ ಆಮೇಲೆ ಅಡಿಗೆಮನೆಗೆ ಬರುತ್ತಾನೆ.

ಈಗ ಚೌಕಟ್ಟು ತುಂಬುವುದಕ್ಕೆ ಕಂಪ್ಯೂಟರ್ ಇದೆ. ಪದಪಟ್ಟಿ ಕೊಟ್ಟರೆ ಇಂಗ್ಲಿಷಿನ ಮನೆಗಳನ್ನು ಕ್ಷಣದಲ್ಲಿ ತುಂಬುತ್ತದೆ. ಆದರೆ ಯಾರೂ ಆಡದ ಪದವನ್ನೂ ಎಲ್ಲರೂ ಆಡುವ ಪದವನ್ನೂ ಅದು ಒಂದೇ ಸಮ ಎತ್ತಿಕೊಳ್ಳುತ್ತದೆ. ಈ ಪದ ನಮ್ಮ ಓದುಗನಿಗೆ ಗೊತ್ತಿದೆಯೇ, ಇಲ್ಲವಾದರೆ ಹಾದುಹೋಗುವ ಪದದಿಂದ ಹೊಳೆದೀತೇ ಎಂದು ಕೇಳುವುದು ಮನುಷ್ಯರ ಕೆಲಸವಾಗಿಯೇ ಉಳಿದಿದೆ.

ಗೆಳೆಯ ಬೇಕಾಗುವುದು ಇಲ್ಲಿ. ಜೊತೆಯಲ್ಲಿ ಕಟ್ಟುವವರು ಕೆಲಸವನ್ನು ಹಲವು ಬಗೆಯಲ್ಲಿ ಹಂಚಿಕೊಳ್ಳಬಹುದು. ಒಬ್ಬರು ಚೌಕಟ್ಟು, ಇನ್ನೊಬ್ಬರು ಸುಳಿವು. ಅಥವಾ ಅರ್ಧ ಸುಳಿವು ಇವರದು, ಅರ್ಧ ಅವರದು, ಆಮೇಲೆ ಅದಲುಬದಲು ಮಾಡಿ ಬಿಡಿಸುವುದು. ಪದದ ಮೇಲೆ ಜಗಳವಾಗುತ್ತದೆ. ಮೈಸೂರಿನವರಿಗೆ ಗೊತ್ತಿರುವ ಪದ ಧಾರವಾಡದವರಿಗೆ ಗೊತ್ತಿರುವುದಿಲ್ಲ; ಮಂಗಳೂರಿನ ಅಡಿಗೆಯ ಹೆಸರು ಬಳ್ಳಾರಿಗೆ ಹೊಸದು. ಆ ಜಗಳ ಕಟ್ಟುವಾಗಲೇ ಮುಗಿದರೆ ಓದುಗನ ಬೈಗುಳ ಅಷ್ಟು ಕಡಿಮೆ.

ಉತ್ತರ ಮೊದಲೇ ಗೊತ್ತಿರುವವನಿಗೆ ತನ್ನ ಸುಳಿವು ಸುಲಭವೋ ಕಷ್ಟವೋ, ನ್ಯಾಯವೋ ಅನ್ಯಾಯವೋ ತಿಳಿಯುವುದಿಲ್ಲ. ಮಾರ್ಗರೆಟ್ ಅದನ್ನು ಕಲಿತದ್ದು ಮೇಜಿನ ಬಳಿ ಬಂದು ಹಂಗಿಸಿದ ಆ್ಯಡಮ್ಸ್‌ನಿಂದ. ಒಬ್ಬರೇ ಕುಳಿತು ಕಟ್ಟುವವರು ಈಗಲೂ ಇದ್ದಾರೆ, ಮುಂದೂ ಇರುತ್ತಾರೆ. ಆದರೆ ಅಚ್ಚಿಗೆ ಕಳಿಸುವ ಮುನ್ನ ಖಾಲಿ ಮನೆಗಳ ಒಂದು ಪ್ರತಿಯನ್ನು ಪಕ್ಕದ ಮನೆಯವರ ಕೈಗೋ ಹಳೆಯ ಗೆಳೆಯನ ಕೈಗೋ ಕೊಟ್ಟು, ಅವರು ಪೆನ್ಸಿಲು ಕಚ್ಚುವುದು ಎಲ್ಲಿ, ನಗುವುದು ಎಲ್ಲಿ ಎಂದು ಸುಮ್ಮನೆ ನೋಡುತ್ತ ಕೂರುವವನ ಪದಬಂಧವೇ ಬೇರೆ.